ಮುನಿಶಾಮಮ್ಮನ ಹಗ್ಗದ ಮೂರನೇ ಗಂಟು

ಗುರುವಾರ ಬೆಳಿಗ್ಗೆ ಹರಿಕೃಷ್ಣನ ಪಿಕಪ್ ಗಾಡಿ ಜಂಗಮಕೋಟೆ ಕಡೆಯಿಂದ ಬಂದು ಊರಿಗೆ ತಿರುಗಿದರೆ ಮೊದಲು ನಿಲ್ಲುತ್ತಿದ್ದುದು ಮುನಿಶಾಮಮ್ಮನ ಅಂಗಳದಲ್ಲಿ. ತನುಜಳ ಹಂದಿ ಶೆಡ್ಡು ರಸ್ತೆಯ ಪಕ್ಕದಲ್ಲೇ ಇತ್ತು. ನೀಲಿ ಶೀಟು, ಗೇಟಿನ ಮೇಲೆ ಬಣ್ಣದ ಬೋರ್ಡು, ದೂರದಿಂದಲೇ ಕಣ್ಣಿಗೆ ಹೊಡೆಯುವಂತಿತ್ತು. ಆದರೂ ಗಾಡಿ ಅದರ ಮುಂದೆ ಒಂದು ಹಾರ್ನ್ ಕೂಡ ಹಾಕದೆ ದಾಟಿ, ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣು ದಾರಿಗೆ ಇಳಿದು, ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಆ ಹಳೇ ದೊಡ್ಡಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ತನುಜ ಶೆಡ್ಡು ತೊಳೆಯುತ್ತಿದ್ದವಳು ನಿಂತು ನೋಡುತ್ತಿದ್ದಳು. ಕೈಯಲ್ಲಿದ್ದ ಪೈಪು ತೊಳೆದಾಗಿದ್ದ ಜಾಗಕ್ಕೇ ನೀರು ಬಿಡುತ್ತಿರುತ್ತಿತ್ತು.

ಹರಿಕೃಷ್ಣನಿಗೆ ಬೆಂಗಳೂರಿನಲ್ಲಿ ಹಂದಿ ಮಾಂಸದ ಅಂಗಡಿ. ಹಂದಿಯನ್ನು ಜೀವಂತ ತೂಗಿ, ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುತ್ತಿದ್ದ. ಹೋದ ವರ್ಷ ತನುಜಳ ಮೊದಲನೇ ಬ್ಯಾಚನ್ನೂ ಅವನೇ ಕೊಂಡಿದ್ದು. ಆದರೆ ಮುನಿಶಾಮಮ್ಮನಿಗೆ ಕೊಟ್ಟದ್ದಕ್ಕಿಂತ ಕಿಲೋಗೆ ಐದು ರೂಪಾಯಿ ಕಮ್ಮಿ.

"ಅವರದ್ದೂ ಬಿಳಿ ಹಂದೀನೇ, ನಮ್ಮದೂ ಬಿಳಿ ಹಂದೀನೇ. ಐದು ರೂಪಾಯಿ ಯಾಕೆ ಮುರಿದ್ರಿ ಅಣ್ಣ?" ಎಂದು ತನುಜ ಕೇಳಿದ್ದಳು.

"ನಿಮ್ಮ ಮೂಟೆ ಫೀಡಿಗೆ ಕೊಬ್ಬು ಜಾಸ್ತಿ ಬರುತ್ತಮ್ಮ. ನಾನು ಮಾಂಸ ನೋಡಿ ರೇಟ್ ಕಟ್ತೀನಿ, ಬೋರ್ಡು ನೋಡಿ ಅಲ್ಲ" ಅಂದಿದ್ದ ಅವನು, ಬೇಜಾರಿಲ್ಲದ ದನಿಯಲ್ಲಿ. ಅಷ್ಟು ಹೇಳಿ ನಕ್ಕಿದ್ದ ಬೇರೆ. ಆ ನಗು ಒಂದು ವರ್ಷವಾದರೂ ತನುಜಳ ತಲೆಯಿಂದ ಇಳಿದಿರಲಿಲ್ಲ.

ತನುಜ ಬೆಳೆದದ್ದು ಯಲಹಂಕದಲ್ಲಿ, ಓದಿದ್ದು ಬಿ.ಕಾಂ. ಮದುವೆಯಾಗಿ ಬಂದಾಗ ಅತ್ತೆ ಮನೆಯಲ್ಲಿ ಮೂರೆಕರೆ ಜಮೀನು, ಎರಡು ಸೀಮೆ ಹಸು. ಗಂಡ ರಮೇಶ್‌ಬಾಬುವಿಗೆ ಗೌರಿಬಿದನೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಶನಿವಾರ ಸಂಜೆ ಬಂದರೆ ಸೋಮವಾರ ಕೋಳಿ ಕೂಗೋ ಹೊತ್ತಿಗೆ ಹೊರಟುಬಿಡುತ್ತಿದ್ದ. ಮಗಳು ಮೌನಿಕಾಳಿಗೆ ಮೂರು ತುಂಬಿದ ಮೇಲೆ ತನುಜ ಹತ್ತು ದಿನದ ಹಂದಿ ಸಾಕಣೆ ತರಬೇತಿಗೆ ಹೋಗಿಬಂದಳು. ಅಲ್ಲಿ ಮೂರು ಪದ್ಧತಿ ಹೇಳಿಕೊಟ್ಟರು. ಬಿಟ್ಟು ಸಾಕುವುದು, ಅರ್ಧ ಕಟ್ಟಿ ಎಂಜಲು ಮುಸುರೆ ಹಾಕಿ ಸಾಕುವುದು, ಪೂರ್ತಿ ಶೆಡ್ಡಿನಲ್ಲಿಟ್ಟು ಕಂಪನಿ ಫೀಡು ಹಾಕುವುದು. ಮೂರನೆಯದರ ಮುಂದೆ ಬರೆದಿದ್ದ ಲಾಭ ಎಲ್ಲಕ್ಕಿಂತ ದೊಡ್ಡದಾಗಿತ್ತು. ಪುಸ್ತಕದಲ್ಲಿದ್ದ ಫೀಡಿನ ರೇಟು ಎಷ್ಟೋ ವರ್ಷ ಹಳೆಯದು ಅನ್ನುವುದು ಆಗ ಅವಳ ಗಮನಕ್ಕೆ ಬರಲಿಲ್ಲ. ಶೆಡ್ಡು ಎದ್ದಿತು, ನಲ್ಲಿ ಬಂತು, ಫ್ಯಾನು ಬಂತು, ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ಗೋಡೆ ಹತ್ತಿತು.

ಅತ್ತೆ ಚಿಕ್ಕವೆಂಕಟಮ್ಮ ಮಾತ್ರ ಶೆಡ್ಡಿನ ನೆರಳಿಗೂ ಬರಲಿಲ್ಲ. ಹಂದಿ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ, "ಅವು" ಅನ್ನುತ್ತಿದ್ದರು. "ಅವುಕ್ಕೆ ಹಾಕಿ ಬಂದ್ಯೇನಮ್ಮ? ಹಂಗಾದ್ರೆ ತಲೆಗೆ ನೀರು ಹಾಕ್ಕೊಂಡು ಒಳಗೆ ಬಾ." ದಿನಕ್ಕೆ ಎರಡು ಸಲ ತಲೆಗೆ ಸ್ನಾನ ಮಾಡಿ ಮಾಡಿ ತನುಜಳ ಕೂದಲು ಉದುರಲು ಶುರುವಾಗಿತ್ತು.

ಮೊದಲ ಬ್ಯಾಚು ಹೋದ ಮೇಲೆ ಅವಳು ಕೂತು ಲೆಕ್ಕ ಹಾಕಿದಳು. ಹಂದಿ ಒಂದು ಕಿಲೋ ಬೆಳೆಯಬೇಕಾದರೆ ಮೂರೂವರೆ ಕಿಲೋ ಫೀಡು ತಿನ್ನುತ್ತದೆ. ಅದಕ್ಕೆ ನೂರಿಪ್ಪತ್ತು ರೂಪಾಯಿ. ಮಾರುವುದು ನೂರಾ ಮೂವತ್ತೈದಕ್ಕೆ. ಆ ಹದಿನೈದು ರೂಪಾಯಿಯಲ್ಲಿ ಮರಿ ತಂದ ದುಡ್ಡು, ಕರೆಂಟು, ಔಷಧಿ ಎಲ್ಲ ಹುಟ್ಟಬೇಕು. ಹುಟ್ಟಲಿಲ್ಲ. ಅವಳ ಕೂಲಿಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ರಮೇಶ್‌ಬಾಬು ಆ ಹಾಳೆಯನ್ನು ಎರಡು ಸಲ ಓದಿ, ಮಡಿಚಿ ಅವಳ ಕೈಗೇ ಕೊಟ್ಟ.

"ಇನ್ನೊಂದು ಬ್ಯಾಚು ನೋಡಣ ತನು. ಇದೂ ಹಿಂಗೇ ಆದ್ರೆ ಹುಳಮನೆ ಮಾಡ್ಕೊಳಣ. ಶೆಡ್ಡು ಹೆಂಗೂ ಇದೆ, ರೇಷ್ಮೆ ಯಾರ ಕಣ್ಣಿಗೂ ಕೆಟ್ಟದಾಗಿ ಕಾಣಲ್ಲ."

ತಪ್ಪು ಮಾತೇನಲ್ಲ. ಆದರೆ ಶೆಡ್ಡು ಅವಳದು. ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಅದೊಂದೇ. ಹಂದಿ ಹೋಗಿ ರೇಷ್ಮೆ ಹುಳ ಬಂದರೆ ಅದು ಮನೆಯವರೆಲ್ಲರ ಕಸುಬು, ಅವಳು ಸೊಪ್ಪು ಹಾಕುವವಳು. ಜೂನ್‌ನಲ್ಲಿ ಇಪ್ಪತ್ತು ಮರಿ ತಂದು ಬಿಟ್ಟಳು. ಕ್ರಿಸ್‌ಮಸ್‌ಗೆ ಹರಿಕೃಷ್ಣನ ಅಂಗಡಿಗೆ ಹೋಗಬೇಕು, ಒಳ್ಳೇ ರೇಟಿಗೆ ಹೋಗಬೇಕು. ಇಲ್ಲವಾದರೆ ಶೆಡ್ಡಿನ ಮಾತು ಅಲ್ಲಿಗೆ ಮುಗಿಯಿತು.

ಇತ್ತ ಮುನಿಶಾಮಮ್ಮ. ವಯಸ್ಸು ಐವತ್ತೈದರ ಮೇಲೆ, ಸಹಿ ಮಾಡಲು ಬರದು. ಇಪ್ಪತ್ತೆರಡು ವರ್ಷ ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟಿನಲ್ಲಿ ಕುದಿಯುವ ನೀರಿಗೆ ಕೈಯಿಟ್ಟು ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವಳು. ಬೆರಳ ತುದಿಗಳು ಈಗಲೂ ನೆನೆದ ಹಾಗೆ ಬೆಳ್ಳಗಿದ್ದವು. ಗಂಡ ತೀರಿಕೊಂಡ ಮೇಲೆ ಆ ಕೆಲಸ ಬಿಟ್ಟು ಊರಲ್ಲಿ ಹಂದಿ ಕಟ್ಟಿದಳು. ಫ್ಯಾನಿಲ್ಲ, ನಲ್ಲಿಯಿಲ್ಲ, ಬೋರ್ಡಂತೂ ಇಲ್ಲ. ಎರಡು ತಾಯಿ ಹಂದಿ, ಅವುಗಳ ಮರಿ ಹತ್ತೋ ಹನ್ನೆರಡೋ. ಆದರೂ ವರ್ಷಾವರ್ಷ ದುಡ್ಡು ಉಳಿಯುತ್ತಿತ್ತು, ಮನೆಗೆ ಹೊಸ ಮಾಡು ಹಾಕಿಸಿದ್ದಳು, ಗಾಡಿ ಅವಳ ಅಂಗಳದಲ್ಲೇ ಮೊದಲು ನಿಲ್ಲುತ್ತಿತ್ತು.

ಇದನ್ನೆಲ್ಲ ತನುಜ ಹೇಗೋ ತಡೆದುಕೊಂಡಿದ್ದಳು. ತಡೆದುಕೊಳ್ಳಲಾಗದ್ದು ಮಗಳ ವಿಷಯ. ಮೌನಿಕಾ ಮನೆಯಲ್ಲಿ ಒಂದು ತುತ್ತು ಉಣ್ಣಬೇಕಾದರೆ ತನುಜ ಮೊಬೈಲು ಹಿಡಿದು, ಕತೆ ಹೇಳಿ, ಅಂಗಳದ ಸುತ್ತ ಮೂರು ಸುತ್ತು ಹಾಕಬೇಕಿತ್ತು. ಮಗು ಬೆಳೆಯುತ್ತಿಲ್ಲ ಅಂತ ತಿಂಗಳಿಗೊಮ್ಮೆ ಫೀಡು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ನೋಡುತ್ತಿದ್ದಳು, ಆಮೇಲೆ ಹಂದಿ ತೂಗುವುದೂ ಅದೇ ತಕ್ಕಡಿ ಅಂತ ನೆನಪಾಗಿ ಮಗುವಿನ ಕಾಲು ಡೆಟ್ಟಾಲಿನಲ್ಲಿ ತೊಳೆಯುತ್ತಿದ್ದಳು. ಅಂಥಾ ಮೌನಿಕಾ ಅಕ್ಟೋಬರಿನ ಒಂದು ಮಧ್ಯಾಹ್ನ ಕಾಣೆಯಾದಳು. ತೋಟವೆಲ್ಲ ಹುಡುಕಿದರೆ ಸಿಕ್ಕಿದ್ದು ಮುನಿಶಾಮಮ್ಮನ ಜಗಲಿಯಲ್ಲಿ. ಕಾಲು ಚಾಚಿ ಕೂತು ರಾಗಿ ಮುದ್ದೆಯನ್ನು ಹುರುಳಿ ಸಾರಿಗೆ ಅದ್ದಿ ಅದ್ದಿ ನುಂಗುತ್ತಿತ್ತು ಮಗು.

"ಅಜ್ಜಿ, ಇನ್ನೊಂಚೂರು."

"ಬಾಮ್ಮ ತನುಜಮ್ಮ, ಕೂತ್ಕ" ಅಂದಳು ಮುನಿಶಾಮಮ್ಮ. "ಮಗಳು ಎರಡನೇ ಮುದ್ದೆಗೆ ಬಂದವಳೆ. ಮನೇಲಿ ಇಕ್ತೀಯೋ ಇಲ್ಲವೋ?"

ತಮಾಷೆಗೆ ಅಂದದ್ದು. ತನುಜಳಿಗೆ ತಮಾಷೆಯಾಗಿ ಕೇಳಿಸಲಿಲ್ಲ. ಹಂದಿಗಳೂ ಇವಳ ಹತ್ತಿರ ಬೆಳೆಯುತ್ತವೆ, ಮಗುವೂ ಇವಳ ಹತ್ತಿರ ಉಣ್ಣುತ್ತದೆ, ಹಾಗಾದರೆ ನನ್ನ ಕೈಗೆ ಏನು ಬಂದಿದೆ ಅಂದುಕೊಂಡಳು. ಕೈ ತೊಳೆಸದೆ ಉಣ್ಣಿಸಿದರೋ ಏನೋ ಎಂಬ ಚಿಂತೆಯೂ ಜೊತೆಗೆ ಸೇರಿತು. ಮಗುವನ್ನು ಎತ್ತಿಕೊಳ್ಳಲು ಹೋದವಳ ಕಣ್ಣು ದೊಡ್ಡಿಯ ಪಕ್ಕದ ಒಲೆಯ ಮೇಲೆ ಬಿತ್ತು. ಅರ್ಧ ಸೀಳಿದ ಡ್ರಮ್ಮಿನಲ್ಲಿ ಏನೋ ಕೊತಕೊತ ಕುದಿಯುತ್ತಿತ್ತು. ಹೊಲಸು ವಾಸನೆ. ಹಂದಿಗಳು ಅದಕ್ಕಾಗಿ ಕಲ್ಲಿಗೆ ಮೂತಿ ಉಜ್ಜುತ್ತಿದ್ದವು.

"ಅದೇನು ದೊಡ್ಡಮ್ಮ?"

"ಹುಳ ಕಣಮ್ಮ. ಗೂಡಿಂದ ನೂಲು ಬಿಚ್ಚಿದ ಮೇಲೆ ಒಳಗೆ ಬೆಂದ ಹುಳ ಉಳಿಯತ್ತಲ್ಲ, ಅದು. ಸಿದ್ಲಘಟ್ಟದಿಂದ ಚೀಲಕ್ಕೆ ಇಷ್ಟು ಅಂತ ಕೊಟ್ಟು ತರ್ತೀನಿ. ಜೊತೆಗೆ ರಾಗಿ ತೌಡು, ಕಲ್ಯಾಣ ಮಂಟಪದ ಮಿಕ್ಕ ಅನ್ನ. ಚೆನ್ನಾಗಿ ಕುದಿಸಿ ಹಾಕೋದು. ಬರೀ ಶಕ್ತಿ ಅದು."

ಮುಚ್ಚುಮರೆ ಇಲ್ಲದೆ ಹೇಳಿದಳು. ತನುಜ ಮನಸ್ಸಿನಲ್ಲೇ ಗುಣಾಕಾರ ಮಾಡಿದಳು. ಕಿಲೋ ಬೆಳೆಸಲು ತನಗೆ ಬೀಳುವ ನೂರಿಪ್ಪತ್ತು ಇವಳಿಗೆ ಐವತ್ತೂ ಆಗುವುದಿಲ್ಲ.

"ಮೊದಲು ಬಿಟ್ಟು ಸಾಕ್ತಿದ್ದೆ" ಎಂದು ಮುನಿಶಾಮಮ್ಮ ಮುಂದುವರಿಸಿದಳು. "ಬಿಟ್ಟ ಹಂದಿಗೆ ಮೇವಿನ ಖರ್ಚೇ ಇಲ್ಲ. ಆದ್ರೆ ಒಂದಿನ ಮುನಿವೆಂಕಟಪ್ಪನ ಆಲೂಗಡ್ಡೆ ಹೊಲ ಉತ್ತಿಟ್ಟು ಬಂದ್ವು. ಆ ದಂಡದಲ್ಲಿ ಮೂರು ವರ್ಷದ ಮೇವು ಬರ್ತಿತ್ತು. ಆವತ್ತೇ ಚಪ್ಪಡಿ ನಿಲ್ಲಿಸಿದ್ದು."

ದೊಡ್ಡಿಯ ಕಲ್ಲಿಗೆ ಹಳೇ ಲಂಗದ ಲಾಡಿಯ ಹಗ್ಗವೊಂದು ನೇತುಬಿದ್ದಿತ್ತು, ಅದರಲ್ಲಿ ಮೂರು ಗಂಟು. ಮುನಿಶಾಮಮ್ಮನ ತಕ್ಕಡಿ ಅದು. ಹಂದಿಯ ಮುಂಗಾಲಿನ ಹಿಂದೆ ಎದೆಗೆ ಸುತ್ತಿ ನೋಡುತ್ತಿದ್ದಳು. ಮೊದಲ ಗಂಟು ಮುಟ್ಟಿದರೆ ಜಂತುಹುಳದ ಔಷಧಿ. ಎರಡನೆಯದು ಮುಟ್ಟಿದರೆ ಮೇವಿನಲ್ಲಿ ಬೆಂದ ಹುಳ ಜಾಸ್ತಿ. ಮೂರನೆಯದು ಎರಡು ಮೊಳದ ಮೇಲೆ ನಾಲ್ಕು ಬೆರಳಿನಲ್ಲಿತ್ತು.

"ಮೂರನೇದು ಮುಟ್ಟಿದ ದಿನ ಹುಳ ಬಂದ್. ಆಮೇಲೆ ಬರೀ ತೌಡು, ನುಚ್ಚು, ತರಕಾರಿ. ಮಾರೋಕೆ ಒಂದು ತಿಂಗಳು ಮುಂಚೆ ಕಣಮ್ಮ, ಮರೀಬೇಡ."

ಮರುದಿನವೇ ತನುಜ ಶಿಡ್ಲಘಟ್ಟಕ್ಕೆ ಹೋಗಿ ನಾಲ್ಕು ಚೀಲ ಹುಳ ತಂದಳು. ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಹಂದಿಗಳು ಮಾತ್ರ ತೊಟ್ಟಿ ನೆಕ್ಕಿ ಹೊಳೆಯುವಂತೆ ಮಾಡಿದವು. ವಾರವಾರ ತೂಗಿದರೆ ತಕ್ಕಡಿಯ ಕೆಂಪು ಅಂಕಿ ಏರುತ್ತಲೇ ಹೋಯಿತು. ಎಷ್ಟೋ ತಿಂಗಳ ಮೇಲೆ ತನುಜಳಿಗೆ ಹಸಿವೆನಿಸಿತು.

ನವೆಂಬರ್ ಕೊನೆಗೆ ಒಂದೊಂದು ಹಂದಿ ಎಪ್ಪತ್ತೈದು ಕಿಲೋ ದಾಟಿತು. ಒಂದು ಸಂಜೆ ಮುನಿಶಾಮಮ್ಮ ಬಿಂದಿಗೆ ಹೊತ್ತು ಹೋಗುತ್ತಾ ಶೆಡ್ಡಿನೊಳಗೆ ಇಣುಕಿ, "ಮೂರನೇ ಗಂಟು ಮುಟ್ಟಿರಬೇಕಲ್ಲಮ್ಮ. ನಿಲ್ಲಿಸಿದಾ?" ಅಂದಳು.

"ಹ್ಞೂ, ನಿಲ್ಲಿಸ್ತೀನಿ ದೊಡ್ಡಮ್ಮ."

ಅವಳು ಅತ್ತ ಹೋದದ್ದೇ ತನುಜಳೊಳಗೆ ಒಂದು ಮಾತು ಹೆಡೆಯೆತ್ತಿತು. ಹಂದಿ ಎಲ್ಲಕ್ಕಿಂತ ಜೋರಾಗಿ ತೂಕ ಹಾಕುವುದು ಕೊನೇ ತಿಂಗಳಲ್ಲೇ, ಇದು ತರಬೇತಿಯಲ್ಲೂ ಹೇಳಿದ್ದು. ಸರಿಯಾಗಿ ಆ ತಿಂಗಳಲ್ಲೇ ಶಕ್ತಿಯ ಮೇವು ನಿಲ್ಲಿಸು ಅನ್ನುತ್ತಾಳಲ್ಲ, ಯಾಕೆ? ತಾನಾಗಿ ಬಂದು ನೆನಪು ಮಾಡುವಷ್ಟು ಕಾಳಜಿ ಯಾಕೆ? ಕ್ರಿಸ್‌ಮಸ್‌ ಗಾಡಿಯಲ್ಲಿ ತನ್ನ ಹಂದಿ ದಪ್ಪ ಕಾಣಬೇಕು, ನನ್ನವು ಸೊರಗಿರಬೇಕು, ಅದಕ್ಕೇ. ಯೋಚಿಸಿದಷ್ಟೂ ಸರಿಯೆನಿಸಿತು. ಎಲ್ಲ ಹೇಳಿಕೊಟ್ಟು ಕೊನೆಯಲ್ಲಿ ಒಂದು ಕೊಕ್ಕೆ ಇಟ್ಟಿದ್ದಾಳೆ. ನಾನೇನು ಪೆದ್ದಿಯಾ?

ತನುಜ ಹುಳ ನಿಲ್ಲಿಸಲಿಲ್ಲ. ಇನ್ನೊಂದು ಬೊಗಸೆ ಜಾಸ್ತಿಯೇ ಹಾಕಿದಳು.

ಡಿಸೆಂಬರಿನ ಎರಡನೇ ಗುರುವಾರ ಗಾಡಿ ಎಲ್ಲಕ್ಕಿಂತ ಮೊದಲು ಅವಳ ಗೇಟಿನ ಮುಂದೆ ನಿಂತಿತು. ಹರಿಕೃಷ್ಣ ಹಂದಿಗಳ ಬೆನ್ನು ಸವರಿ ಹುಬ್ಬು ಹಾರಿಸಿದ.

"ಏನಮ್ಮ, ಇವಕ್ಕೆ ದಿನಾ ಹಬ್ಬಾನಾ? ಎರಡು ಒಯ್ತೀನಿ, ಅಂಗಡೀಲಿ ನೋಡ್ತೀನಿ. ಚೆನ್ನಾಗಿದ್ರೆ ಹಬ್ಬಕ್ಕೆ ಹದಿನೆಂಟೂ ನನಗೇ."

ಗಾಡಿ ಮುಂದೆ ಹೋಗಿ ಮುನಿಶಾಮಮ್ಮನ ದಾರಿಗೆ ತಿರುಗುವುದನ್ನು ತನುಜ ಆವತ್ತು ಸಂತೋಷದಿಂದ ನೋಡಿದಳು. ಎರಡನೆಯದಾಗಿ ಹೋಗಲಿ ಒಂದು ಸಲ, ರುಚಿ ಗೊತ್ತಾಗಲಿ ಅವಳಿಗೂ.

ಭಾನುವಾರ ಮಧ್ಯಾಹ್ನ ಫೋನು ಬಂತು. ಹರಿಕೃಷ್ಣನ ದನಿಯಲ್ಲಿ ಆ ಹಳೇ ನಗು ಇರಲಿಲ್ಲ.

"ಏನು ಹಾಕಿದ್ದೀರಮ್ಮ ಅದಕ್ಕೆ? ಬೇಯಿಸಿದ್ರೆ ಮನೆಯೆಲ್ಲಾ ಕೊಳೆತ ಮೀನಿನ ವಾಸನೆ ಅಂತ ಗಿರಾಕಿಗಳು ಪಾತ್ರೆ ಸಮೇತ ತಂದು ಕೌಂಟರ್ ಮೇಲಿಟ್ಟು ಹೋದ್ರು. ಹದಿನೈದು ವರ್ಷದ ಅಂಗಡಿ ನಂದು. ಆ ಎರಡಕ್ಕೆ ಅರ್ಧ ದುಡ್ಡು ಕೊಡ್ತೀನಿ. ಮಿಕ್ಕಿದ್ದು ನಂಗೆ ಬೇಡ."

ರಮೇಶ್‌ಬಾಬು ಅಲ್ಲೇ ಕೂತು ಮಗಳ ಸೈಕಲ್ ಚಕ್ರಕ್ಕೆ ಗಾಳಿ ಹಾಕುತ್ತಿದ್ದ. ಎಲ್ಲ ಕೇಳಿಸಿತ್ತು. ಬೈಯಲಿಲ್ಲ. "ಹುಳಮನೆಗೆ ಸ್ಟ್ಯಾಂಡು ಎಷ್ಟಾಗತ್ತೆ ಅಂತ ಕೇಳ್ಕೊಂಡು ಬರ್ತೀನಿ" ಅಂದ, ಪಂಪು ಕೆಳಗಿಡುತ್ತಾ. ಬೈದಿದ್ದರೆ ತನುಜ ಸಹಿಸಿಕೊಳ್ಳುತ್ತಿದ್ದಳೇನೋ.

ತನುಜ ಚಪ್ಪಲಿಯನ್ನೂ ಬಿಡದೆ ಮುನಿಶಾಮಮ್ಮನ ಜಗಲಿ ಹತ್ತಿದಳು, ಅರ್ಧ ಅಳು, ಅರ್ಧ ಸಿಟ್ಟು.

"ವಾಸನೆ ಬರತ್ತೆ ಅಂತ ಯಾಕೆ ಹೇಳಲಿಲ್ಲ ದೊಡ್ಡಮ್ಮ?"

ಮುನಿಶಾಮಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿ ಅವಳ ಮುಖ ನೋಡಿದಳು. ಕೇಳಬೇಕಾದದ್ದೆಲ್ಲ ಅಲ್ಲೇ ಇತ್ತು.

"ಹುಳ ನಿಲ್ಲಿಸಲಿಲ್ಲವಾ?"

"ನಿಲ್ಲಿಸು ಅಂದ್ರಿ. ಯಾಕೆ ಅಂತ ಹೇಳಲಿಲ್ಲ."

"ನೀನು ಕೇಳಲಿಲ್ಲ."

ಮುನಿಶಾಮಮ್ಮ ಅವರೆಸಿಪ್ಪೆ ಬುಟ್ಟಿಗೆ ಎಸೆದು, "ಸುಳ್ಳ್ಯಾಕೆ ಹೇಳಲಿ" ಅಂದಳು. "ಹೇಳಬಹುದಿತ್ತು. ಬಾಯಿಗೆ ಬಂದಿತ್ತು, ನುಂಗ್ಕೊಂಡೆ. ಓದಿದೋಳು, ಗೊತ್ತಿರತ್ತೆ ಬಿಡು ಅಂತ. ನಿನ್ನ ಶೆಡ್ಡಲ್ಲಿ ನಲ್ಲಿ ತಿರುವಿದ್ರೆ ನೀರು ಬೀಳತ್ತೆ. ನಾನು ದಿನಕ್ಕೆ ಮೂವತ್ತು ಬಿಂದಿಗೆ ಹೊರ್ತೀನಿ, ಅದೂ ನಿನ್ನ ಗೇಟಿನ ಮುಂದೇನೇ. ನೋಡಿ ನೋಡಿ ನಂಗೂ ಹೊಟ್ಟೆ ಉರಿಯಲ್ವಾ ತಾಯಿ?"

ತನುಜ ಜಗಲಿಯಲ್ಲೇ ಕೂತುಬಿಟ್ಟಳು. ವಿಚಿತ್ರವೆಂದರೆ ಒಳಗೆ ಎಲ್ಲೋ ಹಗುರಾಯಿತು. ಈ ಮುದುಕಿ ನನ್ನನ್ನು ನೋಡಿ ಉರಿದುಕೊಳ್ಳುತ್ತಿದ್ದಳಾ, ನನ್ನ ನಲ್ಲಿಯನ್ನು ನೋಡಿ.

"ನಂದೂ ಒಂದು ಸಲ ಹಿಂಗೇ ಆಯ್ತು" ಎಂದಳು ಮುನಿಶಾಮಮ್ಮ. "ಹನ್ನೊಂದು ಹಂದಿ. ಚಿಂತಾಮಣಿಯ ವ್ಯಾಪಾರಿ ಮಾಂಸ ತಂದು ಇದೇ ಜಗಲಿ ಮೇಲೆ ಸುರಿದು ಹೋದ. ಆಮೇಲೆ ಹಾಕಿದ್ದು ಆ ಮೂರನೇ ಗಂಟು, ಅದಕ್ಕೂ ಮುಂಚೆ ಎರಡೇ ಇದ್ದವು. ಅಳಬೇಡ. ಹಂದಿ ಎಲ್ಲೂ ಹೋಗಿಲ್ಲ. ಇವತ್ತಿಂದ ಹುಳ ಬಂದ್ ಮಾಡು, ಐದು ವಾರ ಬೇರೆ ಹಾಕು, ವಾಸನೆ ತಾನಾಗಿ ಇಳಿದು ಹೋಗತ್ತೆ."

"ಐದು ವಾರ ಫೀಡು ಹಾಕಿದ್ರೆ ನಾನು ಮುಳುಗಿಹೋಗ್ತೀನಿ."

"ಫೀಡು ಯಾಕೆ ಹಾಕ್ತೀಯ? ಚಿಂತಾಮಣಿ ಮಾರ್ಕೆಟ್ಟಲ್ಲಿ ಟೊಮೆಟೊ, ಕೋಸು, ಕ್ಯಾರೆಟ್ ರಾಶಿ ರಾಶಿ ಬಿಸಾಕ್ತಾರೆ. ಗಾಡಿ ಬಾಡಿಗೆ ಕೊಟ್ಟು ತುಂಬ್ಕೊಂಡು ಬಾ. ರಾಗಿ ತೌಡು, ನುಚ್ಚು ಸೇರಿಸಿ ಬೇಯಿಸು. ತೂಕ ನಿಧಾನ ಬರತ್ತೆ, ಆದ್ರೆ ನಿಲ್ಲಲ್ಲ."

ಕ್ರಿಸ್‌ಮಸ್‌ನ ಗಾಡಿಯಲ್ಲಿ ಮುನಿಶಾಮಮ್ಮನ ಹತ್ತು ಹಂದಿ ಹೋದವು, ಒಳ್ಳೇ ರೇಟಿಗೆ. ತನುಜ ಡ್ರಮ್ಮಿನಲ್ಲಿ ಕೋಸು ಕಲಕುತ್ತಾ ಹೊಗೆಯ ನಡುವಿನಿಂದ ನೋಡಿದಳು. ಆವತ್ತು ಹೊಗೆಗೂ ಕಣ್ಣು ಉರಿಯಿತು, ಆ ಗಾಡಿಗೂ ಉರಿಯಿತು.

ರಮೇಶ್‌ಬಾಬು ಸ್ಟ್ಯಾಂಡಿನ ರೇಟು ಕೇಳಿಕೊಂಡು ಬಂದ. ತನುಜ ಐದು ವಾರದ ಮಾತು ಹೇಳಿದಳು. "ಐದು ವಾರ, ಅಷ್ಟೇ" ಅಂದ. ಅವಳು ಕ್ಯಾಲೆಂಡರಿನಲ್ಲಿ ಸಂಕ್ರಾಂತಿಯ ನಂತರದ ಒಂದು ಗುರುವಾರಕ್ಕೆ ಗುರುತು ಹಾಕಿದಳು. ಈ ನಡುವೆ ಮೌನಿಕಾ ದಿನಾ ಮಧ್ಯಾಹ್ನ ಅಜ್ಜಿಯ ಜಗಲಿಗೆ ಓಡುತ್ತಿದ್ದಳು. ತನುಜ ತಡೆಯಲಿಲ್ಲ, ಸೋಪು ಮಾತ್ರ ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿದಳು. ತಾನೂ ಹುರುಳಿ ಸಾರು ಮಾಡಿ ನೋಡಿದಳು. ಮಗು ಮೂಸಿ, "ಅಜ್ಜಿದು ಚೆನ್ನಾಗಿರತ್ತೆ" ಅಂದಿತು.

ಸಂಕ್ರಾಂತಿ ಕಳೆದ ಮೊದಲ ಗುರುವಾರ ಹರಿಕೃಷ್ಣ ಬಂದು ಮನಸ್ಸಿಲ್ಲದ ಮನಸ್ಸಿನಿಂದ ಒಂದೇ ಒಂದು ಹಂದಿ ಒಯ್ದ. ತನುಜ ಆ ಒಂದು ವಾರ ಫೋನು ಸದ್ದು ಮಾಡಿದಾಗಲೆಲ್ಲ ಮಗುವನ್ನು ಎದೆಗವುಚಿಕೊಂಡಳು. ಮುಂದಿನ ಗುರುವಾರ, ಅವಳು ಗುರುತು ಹಾಕಿದ್ದ ದಿನ, ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಹಾರ್ನ್ ಕೂಡ ಹೊಡೆಯಿತು.

"ಹತ್ತಿಸಿ ಎಲ್ಲ" ಅಂದ ಹರಿಕೃಷ್ಣ ಇಳಿಯುತ್ತಲೇ. ಒಂದೊಂದಾಗಿ ತೂಗಿದರು, ಎಲ್ಲವೂ ನೂರು ಕಿಲೋದ ಮೇಲೆ. ಹಬ್ಬದ ರೇಟಿರಲಿಲ್ಲ, ಆದರೆ ಹೋದ ವರ್ಷ ಮುರಿದ ಐದು ರೂಪಾಯಿಯನ್ನು ಈ ಸಲ ಮುರಿಯಲಿಲ್ಲ. ಎರಡು ಹಂದಿಯ ಅರ್ಧ ದುಡ್ಡಿನ ನಷ್ಟ ಕಳೆದೂ ಹನ್ನೊಂದು ಸಾವಿರ ಉಳಿಯುತ್ತದೆ ಎಂದು ತನುಜ ನಿಂತಲ್ಲೇ ಲೆಕ್ಕ ಹಾಕಿದಳು. ಹನ್ನೊಂದು ಸಾವಿರ ದೊಡ್ಡ ದುಡ್ಡಲ್ಲ. ಆದರೆ ಹುಳಮನೆಯ ಸ್ಟ್ಯಾಂಡು ತರಲು ಇನ್ನು ಯಾರೂ ಹೋಗುವ ಹಾಗಿರಲಿಲ್ಲ.

"ನಿಮ್ಮ ಹಂದಿ ಬೇಡ ಅಂತ ಮುನಿಶಾಮಮ್ಮಂಗೆ ಅಂದಿದ್ದೆ" ಎಂದ ಹರಿಕೃಷ್ಣ ನೋಟು ಎಣಿಸುತ್ತಾ. "ಆ ಹುಡುಗಿದು ಜನವರೀಲಿ ತಗೊಳಲ್ಲ ಅಂದ್ರೆ ನಂದೂ ಕೇಳಬೇಡ, ಬೇರೆ ಅಂಗಡಿ ನೋಡ್ಕೋತೀನಿ ಅಂತ ಕೂತ್ಬಿಟ್ರು. ಅವರ ಮಾತಿಗೆ ಬಂದಿದ್ದು. ಆದ್ರೆ ಒಳ್ಳೇದೇ ಆಯ್ತು ಬಿಡಿ. ಆ ಒಂದು ಹಂದಿ ಇತ್ತಲ್ಲ, ಗಿರಾಕಿಗಳು ಏನಂದ್ರು ಗೊತ್ತಾ? ಥೇಟ್ ಮುನಿಶಾಮಮ್ಮನ ಹಂದಿ ಥರಾನೇ ಇದೆ ಅಂದ್ರು."

ಇದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಇರಲಿಲ್ಲ. ತನುಜ ನಕ್ಕಳು, ದುಡ್ಡು ಇಸಕೊಂಡಳು, ಗಾಡಿ ಹೊರಟಿತು. ನಗು ಮುಖದ ಮೇಲೆ ಇನ್ನೂ ಇರುವಾಗಲೇ ಹೊಟ್ಟೆಯಲ್ಲಿ ಆ ಹಳೇ ಉರಿ ಸಣ್ಣಗೆ ಹತ್ತಿಕೊಂಡಿತ್ತು. ಹಂದಿ ನನ್ನದು, ಐದು ವಾರ ಕೋಸು ಬೇಯಿಸಿದ ಕೈ ನನ್ನದು, ಹೆಸರು ಮಾತ್ರ ಅವಳದು. ಋಣ ಬೇರೆ ತಲೆ ಮೇಲೆ ಕೂತಿತು.

ಶನಿವಾರ ರಮೇಶ್‌ಬಾಬು ಲೆಕ್ಕದ ಹಾಳೆ ಓದಿ, ಈ ಸಲ ಮಡಿಚದೆ ಗೋಡೆಯ ಸರ್ಟಿಫಿಕೇಟಿನ ಪಕ್ಕ ಸಿಕ್ಕಿಸಿದ. "ಮುಂದಿನ ಮರಿ ಯಾವಾಗ ತರ್ತೀಯ?" ಅಂತಷ್ಟೇ ಕೇಳಿದ.

ಸೋಮವಾರ ಅವನು ಹೊರಟ ಮೇಲೆ ತನುಜ ಎರಡು ಕೆಲಸ ಮಾಡಿದಳು. ಶೆಡ್ಡಿನ ನಲ್ಲಿಗೆ ಉದ್ದದ ಪೈಪು ಸಿಕ್ಕಿಸಿ, ಅದರ ತುದಿಯನ್ನು ಗೇಟಿನ ಹೊರಗೆ, ದಾರಿಯ ಕಡೆಗೆ ಎಳೆದು ಬಿಟ್ಟಳು. ಮುನಿಶಾಮಮ್ಮ ಖಾಲಿ ಬಿಂದಿಗೆ ಹಿಡಿದು ಬಂದವಳು ಪೈಪನ್ನು ನೋಡಿದಳು, ಗೇಟಿನತ್ತ ನೋಡಿದಳು, ಬಿಂದಿಗೆ ಅದರ ಕೆಳಗಿಟ್ಟಳು.

ಆಮೇಲೆ ತನುಜ ಒಳಗೆ ಹೋಗಿ ತನ್ನ ಹಳೇ ಚೂಡಿದಾರದ ಲಾಡಿ ಎಳೆದಳು. ಮುನಿಶಾಮಮ್ಮನ ಹಗ್ಗದ ಅಳತೆ ಕಣ್ಣಲ್ಲೇ ಇತ್ತು. ಮೊದಲ ಗಂಟು ಅಷ್ಟಕ್ಕೇ ಹಾಕಿದಳು, ಎರಡನೆಯದನ್ನೂ ಅಷ್ಟಕ್ಕೇ. ಮೂರನೆಯದಕ್ಕೆ ಬಂದಾಗ ಸ್ವಲ್ಪ ಯೋಚಿಸಿ, ಒಂದು ಬೆರಳು ಮುಂಚೆಯೇ ಗಂಟು ಹಾಕಿ ಬಿಗಿದಳು. ಹುಳ ಅಷ್ಟು ಬೇಗ ನಿಲ್ಲುತ್ತದೆ. ಮಾಂಸ ಅವಳದಕ್ಕಿಂತ ಒಂದು ಕೈ ಮೇಲಿರಬೇಕು. ಆಗ ಗಿರಾಕಿಗಳು ಯಾರ ಹೆಸರು ಹೇಳುತ್ತಾರೋ ನೋಡಬೇಕು.